ಲ್ಯಾಮಿನೇಟ್ ಆದ ಚೀನೀ ಕಾಗದ

ಐವತ್ತು ಜನ ಬರಬೇಕು. ಒಬ್ಬರು ಕಡಿಮೆಯಾದರೂ ಚೀನಾ ಸಂಸ್ಕೃತಿಯ ಮಾಸಿಕ ಉಪನ್ಯಾಸಕ್ಕೆ ಮಂಗಳ ಹಾಡಿ, ಸಭಾಂಗಣವನ್ನು ಕೇರಂ ಕ್ಲಬ್ಬಿಗೆ ಒಪ್ಪಿಸುವುದಾಗಿ ಗ್ರಂಥಾಲಯ ಸಮಿತಿಯ ಅಧ್ಯಕ್ಷರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಗ್ರಂಥಪಾಲಕಿ ಗ್ರಾಫ್ ಹಾಳೆಯ ಮೇಲೆ ಲೆಕ್ಕ ಹಾಕಿದಳು. ರೇಷ್ಮೆಯ ಉಪನ್ಯಾಸಕ್ಕೆ ಹತ್ತೊಂಬತ್ತು ಜನ, ಚಹಾದ ಉಪನ್ಯಾಸಕ್ಕೆ ಮೂವತ್ತೊಂದು. ಗೆರೆ ಹೀಗೇ ಏರಿದರೆ ಈ ಭಾನುವಾರಕ್ಕೆ ನಲವತ್ತಮೂರು. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಈ ಸಲದ ವಿಷಯ ಕುಂಚದ ಬರಹ. ಮೂವತ್ತು ವರ್ಷ ಚೀನೀ ಭಾಷೆ ಕಲಿಸಿ ನಿವೃತ್ತರಾಗಿದ್ದ ಟೀಚರಮ್ಮ ಬರೆದೇ ತೋರಿಸುವವರಿದ್ದರು. ಅದಕ್ಕೆಂದೇ ಹತ್ತು ದೊಡ್ಡ ಚೀನೀ ಹಾಳೆಗಳನ್ನು ಮೊದಲೇ ಕಳಿಸಿ, ಬಲು ನಾಜೂಕು, ತೇವ ತಾಗದ ಹಾಗೆ ಜೋಪಾನ ಎಂದು ಚೀಟಿ ಇಟ್ಟಿದ್ದರು. ಗ್ರಂಥಪಾಲಕಿ ಹಾಳೆ, ಚೀಟಿ ಎರಡನ್ನೂ ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರಣ್ಣನ ಕೈಗೆ ಕೊಟ್ಟು ನಿಶ್ಚಿಂತಳಾಗಿದ್ದಳು. ಆತ ಹರಿದ ನಕ್ಷೆಯಿಂದ ಹಿಡಿದು ತನ್ನ ಮದುವೆಯ ಕರೆಯೋಲೆಯವರೆಗೆ ಎಲ್ಲವನ್ನೂ ಜೋಪಾನ ಮಾಡಿದ್ದ ಮನುಷ್ಯ.

ಭಾನುವಾರ ಉಪನ್ಯಾಸದ ನಾಲ್ಕು ಗಂಟೆಗೆ ಹತ್ತು ನಿಮಿಷವಿರುವಾಗ ಟೀಚರಮ್ಮ ಕಟ್ಟು ಬಿಚ್ಚಿದರು. ಹತ್ತೂ ಹಾಳೆ ಪಳಪಳ ಹೊಳೆಯುತ್ತಿದ್ದವು.

"ಬೈಂಡರಣ್ಣ, ಏನು ಮಾಡಿದ್ದೀಯ ಇದಕ್ಕೆ?" ಎಂದಳು ಗ್ರಂಥಪಾಲಕಿ.

"ಲ್ಯಾಮಿನೇಟ್ ಮಾಡ್ದೆ ಮೇಡಂ. ಇನ್ನು ನೂರು ವರ್ಷ ಒಂದು ಹನಿ ಒಳಗೆ ಹೋಗಲ್ಲ."

ಹೋಗಲಿಲ್ಲ. ಟೀಚರಮ್ಮನ ಕುಂಚದ ಮಸಿ ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗಾಗಿ, ಉರುಳಿ ಅಧ್ಯಕ್ಷರ ಪಾದರಕ್ಷೆಯ ಮೇಲೆ ಬಿತ್ತು. ಸಭೆಯಲ್ಲಿದ್ದವರು ಇಪ್ಪತ್ತಾರೇ ಜನ. ಗ್ರಂಥಪಾಲಕಿ ಗ್ರಾಫ್ ಹಾಳೆಯನ್ನು ಮಡಚಿಟ್ಟಳು. ಟೀಚರಮ್ಮ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಒಂದು ಬಕೆಟ್ ನೀರು ತರಿಸಿ ಎಂದರು. ಚೀನಾದ ಪಾರ್ಕುಗಳಲ್ಲಿ ಮುದುಕರು ಬೆಳಿಗ್ಗೆ ಬೆಳಿಗ್ಗೆ ನೆಲದ ಮೇಲೆ ನೀರಿನಲ್ಲೇ ಬರೆಯುತ್ತಾರಂತೆ. ಒಣಗಿದರೆ ಮತ್ತೆ ಬರೆಯುತ್ತಾರಂತೆ, ಬೇಜಾರೇ ಇಲ್ಲ.

ಬೈಂಡರಣ್ಣ ಪ್ರಾಯಶ್ಚಿತ್ತಕ್ಕೆ ಇಳಿದ. ಸ್ಪಂಜನ್ನು ಕಾಗದ ಕೊಯ್ಯುವ ಚಾಕುವಿನಿಂದ ಚೂಪು ಮಾಡಿ, ಹೊಲಿಗೆಯ ದಾರದಲ್ಲಿ ಕೋಲಿಗೆ ಬಿಗಿದು ಐದು ಕುಂಚ ಮಾಡಿದ. ಎಲ್ಲರೂ ಮುಂದಿನ ಕಲ್ಲುಹಾಸಿನ ಅಂಗಳಕ್ಕೆ ಇಳಿದರು. ಟೀಚರಮ್ಮ ಎರಡೇ ಗೆರೆ ಎಳೆದು, ಚೀನೀ ಲಿಪಿಯಲ್ಲಿ ಇದು ಮನುಷ್ಯ, ಇವೇ ಅವನ ಕಾಲು ಎಂದರು. ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಬಂದರು. ಎದುರಿನ ಕ್ಷೌರದಂಗಡಿಯಿಂದ ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡೇ ಒಬ್ಬ ಬಂದ, ಅರ್ಧ ತಲೆ ಬೋಳು.

ಅಧ್ಯಕ್ಷರು ಒಪ್ಪಲಿಲ್ಲ. "ಇಣುಕೋರು ಲೆಕ್ಕಕ್ಕಿಲ್ಲಮ್ಮ. ಟೀಚರಮ್ಮನ್ನ ಬಿಟ್ಟು ಬರೆದವರಷ್ಟೇ ಲೆಕ್ಕ. ಬರೆದ ಐವತ್ತೂ ಒಟ್ಟಿಗೆ ನನ್ನ ಕಣ್ಣಿಗೆ ಕಾಣಬೇಕು."

ಗ್ರಂಥಪಾಲಕಿ ಗಡಿಯಾರ ನೋಡಿದಳು. ಟೀಚರಮ್ಮನ ಮನುಷ್ಯ ಆವಿಯಾಗಲು ನಾಲ್ಕು ನಿಮಿಷ ಹಿಡಿಯಿತು. ಕುಂಚ ಐದು, ಗೆರೆ ಎರಡು. ಐವತ್ತು ಜನಕ್ಕೆ ಹಂಚಿದರೆ, ಕುಂಚ ಕೈಬದಲಾಗುವ ಹೊತ್ತು ಬಿಟ್ಟು ಒಬ್ಬೊಬ್ಬರಿಗೂ ಇಪ್ಪತ್ತು ಸೆಕೆಂಡು ಸಿಕ್ಕಂತಾಯಿತು. ಬೇಗ, ಬೇಗ ಎಂದು ಅವಳು ಜನರನ್ನು ಸಾಲು ಹಚ್ಚಿದಳು. ಕುಳ್ಳ ಮನುಷ್ಯರು, ಉದ್ದ ಕಾಲಿನವರು, ಕುಡಿದವರಂತೆ ವಾಲಿದವರು ಅಂಗಳದ ತುಂಬ ಎದ್ದು ನಿಂತರು. ಬೋಳು ತಲೆಯವನು ಎರಡು ಬರೆಯಲು ಹೋಗಿ ಬೈಸಿಕೊಂಡ. ಬೈಂಡರಣ್ಣ ನಲವತ್ತೆಂಟನೆಯವನು, ಗ್ರಂಥಪಾಲಕಿ ನಲವತ್ತೊಂಬತ್ತು. ಮುಂದೆ ಯಾರೂ ಇಲ್ಲ. ಮೊದಲ ಸಾಲಿನವನ ಒಂದು ಕಾಲು ಆಗಲೇ ಮಾಸುತ್ತಿತ್ತು.

ಅವಳು ಹಿಂದೆಮುಂದೆ ನೋಡದೆ ಅಧ್ಯಕ್ಷರ ಕೈಗೆ ಕುಂಚ ತುರುಕಿದಳು.

"ಎರಡೇ ಗೆರೆ ಸರ್."

ಅವರು ಪಂಚೆ ಎತ್ತಿ ಕಟ್ಟಿ, ಉಸಿರು ಬಿಗಿಹಿಡಿದು ಎಳೆದರು. ಬೆರಳು ಚಾಚಿ ಗಡಬಡಿಸಿ ಎಣಿಸಿದರು. ಐವತ್ತು. ಆ ಹೊತ್ತಿಗೆ ಸರಿಯಾಗಿ ಮೊದಲನೆಯವನು ಮಾಯವಾದ.

ಜನ ಚಪ್ಪಾಳೆ ತಟ್ಟುತ್ತಿದ್ದರೂ ಅಧ್ಯಕ್ಷರ ಕಣ್ಣು ನೆಲದ ಮೇಲೇ ಇತ್ತು. ತಾವು ಬರೆದ ಮನುಷ್ಯನ ಎಡಗಾಲು ಸೊಟ್ಟ, ಮುಂದಿನ ತಿಂಗಳೊಳಗೆ ತಿದ್ದಿಕೊಳ್ಳಬೇಕು ಎಂದು ಗೊಣಗುತ್ತಾ ಮತ್ತೆ ಬಕೆಟ್ಟಿಗೆ ಕುಂಚ ಅದ್ದಿದರು.

ಬೈಂಡರಣ್ಣ ಒಣಗುತ್ತಿದ್ದ ಆ ಸೊಟ್ಟಗಾಲನ್ನೇ ನೋಡುತ್ತಾ, "ಇದೊಂದನ್ನಾದ್ರೂ ಜೋಪಾನ ಮಾಡ್ಬೇಕಿತ್ತು ಮೇಡಂ" ಎಂದ.

ಗ್ರಂಥಪಾಲಕಿ ತಳ ಕಂಡಿದ್ದ ಬಕೆಟ್ಟನ್ನು ಅವನ ಕೈಗಿತ್ತಳು.

"ನೀರು ತಾರಣ್ಣ, ಅಷ್ಟು ಸಾಕು."