ಹಕೀಮಾಕನ ಬಟನ್ ಚೀಟಿ

"ಗೊತ್ತಾಯ್ತಲ್ಲ?" ಎಂದು ಯಾರಾದರೂ ಕೇಳಿದರೆ ನಾವು ಏನು ಮಾಡುತ್ತೇವೆ? ತಲೆ ಆಡಿಸುತ್ತೇವೆ. ಬ್ಯಾಂಕಿನಲ್ಲಿ ಆಡಿಸುತ್ತೇವೆ, ಪಂಚಾಯತಿನಲ್ಲಿ ಆಡಿಸುತ್ತೇವೆ, ಆಸ್ಪತ್ರೆಯಲ್ಲಂತೂ ಸ್ವಲ್ಪ ಜೋರಾಗಿಯೇ ಆಡಿಸುತ್ತೇವೆ. ಹೊರಗೆ ಬಂದ ಮೇಲೆ ಕೈಯಲ್ಲಿರುವ ಚೀಟಿಯನ್ನು ಅತ್ತ ಇತ್ತ ತಿರುಗಿಸಿ ನೋಡುತ್ತೇವೆ. ಹೀಗೆ ತಲೆ ಆಡಿಸಿ ಇದ್ದೊಂದು ಕಣ್ಣನ್ನೂ ಕಳೆದುಕೊಳ್ಳುವುದರಲ್ಲಿದ್ದ ಒಬ್ಬರ ಕಥೆ ಇದು.

ಮಡಂತ್ಯಾರು ಪೇಟೆಯಲ್ಲಿ ಅಬ್ದುಲ್ ಹಕೀಂ ಎಂಬ ಟೈಲರ್ ಇದ್ದಾರೆ. ಊರಿಗೆಲ್ಲ ಅವರು ಹಕೀಮಾಕ. ಮದ್ರಸದಲ್ಲಿ ಓದಿದ್ದಾರೆ, ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಂಕಿ ಬರುತ್ತದೆ, ಕನ್ನಡ ಅಕ್ಷರ ಬರುವುದಿಲ್ಲ. ಹಾಗೆಂದು ಅವರನ್ನು ಹಗುರವಾಗಿ ಎಣಿಸಬೇಡಿ. ಅವರ ಅಳತೆ ಪುಸ್ತಕವನ್ನು ಒಮ್ಮೆ ನೋಡಬೇಕು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಹಾಳೆ. ಹಾಳೆಗೆ ಆ ಗಿರಾಕಿಯದೇ ಬಟ್ಟೆಯ ಒಂದು ಚೂರು ಚುಚ್ಚಿರುತ್ತಾರೆ. ಪಕ್ಕದಲ್ಲಿ ಕಾಲರಿನ ಚಿತ್ರ, ಜೇಬಿನ ಚಿತ್ರ, ಅಂಕಿಗಳು. ಎಲ್ಲ ಬರೆದ ಮೇಲೆ ಗಿರಾಕಿಯ ಮುಖ ನೋಡಿ, "ಎಂತ ಬೇಕು ಅಂದ್ರಿ, ಇನ್ನೊಮ್ಮೆ ಹೇಳಿ" ಎನ್ನುತ್ತಾರೆ. ಗಿರಾಕಿ ಹೇಳಿದ್ದು ಪುಸ್ತಕಕ್ಕೆ ತಾಳೆಯಾದ ಮೇಲೆಯೇ ಕತ್ತರಿ. ಮೂವತ್ತೈದು ವರ್ಷದಲ್ಲಿ ಒಬ್ಬರ ಅಂಗಿ ಇನ್ನೊಬ್ಬರಿಗೆ ಹೋದದ್ದಿಲ್ಲ.

ಚಿಕ್ಕಂದಿನಲ್ಲಿ ಪೆಟ್ಟಾಗಿ ಹಕೀಮಾಕನ ಎಡಗಣ್ಣು ಹೋಗಿತ್ತು. ಈಗ ಬಲಗಣ್ಣಿಗೆ ಪೊರೆ ಬಂತು. ಸೂಜಿಯ ಕಣ್ಣು ಕಾಣುವುದಿಲ್ಲ, ಕಪ್ಪು ನೂಲು ಯಾವುದು ನೀಲಿ ಯಾವುದು ತಿಳಿಯುವುದಿಲ್ಲ. ಪೆರ್ನಾಲ್, ಅಂದರೆ ಈದ್ ಹಬ್ಬದ ಬಟ್ಟೆಗಳನ್ನು ಹೇಗೋ ಹೊಲಿದು ಮುಗಿಸಿ, ಮರುವಾರ ಆಪರೇಷನ್ ಮಾಡಿಸಿಕೊಂಡರು. ಜೂನ್ ತಿಂಗಳಿಗೆ ಶಾಲೆ ಶುರುವಾಗುವ ಮೊದಲು ಮಕ್ಕಳ ಯೂನಿಫಾರ್ಮ್ ಹೊಲಿಯಬೇಕಿತ್ತು. ವರ್ಷದ ದೊಡ್ಡ ಕೆಲಸ ಅದು.

ಶುಕ್ರವಾರ ಆಸ್ಪತ್ರೆಯಲ್ಲಿ ಕಣ್ಣಿನ ಪಟ್ಟಿ ಬಿಚ್ಚಿದರು. ಸಿಸ್ಟರ್ ಒಂದು ಬಾಟ್ಲಿ ಹನಿ ಮದ್ದು ಕೊಟ್ಟರು, ಚೀಟಿ ಕೊಟ್ಟರು, ಉಸಿರು ಬಿಡದೆ ಏನೇನೋ ಹೇಳಿದರು. "ತಿಂಗಳು ಬಿಟ್ಟು ಬನ್ನಿ. ಗೊತ್ತಾಯ್ತಲ್ಲ?" ಹಿಂದೆ ಇಪ್ಪತ್ತು ಜನ ಸಾಲಿನಲ್ಲಿದ್ದರು. ಪೇಟೆಯ ಟೈಲರಿಗೆ ಓದಲು ಬರುವುದಿಲ್ಲ ಎಂದು ಅವರೆದುರು ಹೇಳುವುದು ಹೇಗೆ? ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಕೀಮಾಕ ತಲೆ ಆಡಿಸಿದರು.

ಚೀಟಿಯಲ್ಲಿ 6-5-4-3-2-1 ಎಂದಿತ್ತು. ಅದರ ಕೆಳಗೆ ಒಂದು ಸಾಲು: "ಸದರಿ ಔಷಧಿಯ ಪ್ರಮಾಣವನ್ನು ಸಾಪ್ತಾಹಿಕವಾಗಿ ಇಳಿಕೆಗೊಳಿಸತಕ್ಕದ್ದು." ಸಾಲು ಹಕೀಮಾಕನಿಗೆ ಬೇಡವೇ ಬೇಡ, ಅಂಕಿ ಸಾಕು. ಟೈಲರನ ಲೆಕ್ಕವೆಲ್ಲ ದಿನದ ಲೆಕ್ಕ. ಇವತ್ತು ಆರು ಸಲ, ನಾಳೆ ಐದು ಸಲ, ನಾಡಿದ್ದು ನಾಲ್ಕು. ಬುಧವಾರಕ್ಕೆ ಮುಗಿಯಿತು. ಬಾಟ್ಲಿಯ ಮುಚ್ಚಳ ಗಟ್ಟಿ ಮಾಡಿ ಕಪಾಟಿನಲ್ಲಿಟ್ಟರು.

ಹೆಂಡತಿ ಖದೀಜಮ್ಮನಿಗೆ ಮಾತ್ರ ಸಮಾಧಾನವಿಲ್ಲ. "ಬಾಟ್ಲಿಯಲ್ಲಿ ಇನ್ನೂ ಮದ್ದು ಉಂಟಲ್ಲ?"

"ಅದು ಹೆಚ್ಚಿಗೆ ಕೊಡುದು ಮಾರಾಯ್ತಿ. ನಾನು ಗಿರಾಕಿ ಹತ್ರ ಅರ್ಧ ಮೀಟರ್ ಬಟ್ಟೆ ಹೆಚ್ಚು ತರ್ಲಿಕ್ಕೆ ಹೇಳುದಿಲ್ವಾ, ಹಾಗೆ."

ಶನಿವಾರ ಬೆಳಿಗ್ಗೆ ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ನೀರು ಸುರಿಯುತ್ತಿತ್ತು, ಬೆಳಕು ನೋಡಲಾಗುತ್ತಿರಲಿಲ್ಲ. ಹಕೀಮಾಕ ಧೂಳು ಎಂದರು. ಖದೀಜಮ್ಮ ಅದನ್ನು ಕೇಳಿಸಿಕೊಳ್ಳಲಿಲ್ಲ, ಎರಡು ಮನೆ ಆಚೆಯ ಆಶಾ ಕಾರ್ಯಕರ್ತೆ ಶಶಿಪ್ರಭಾಳನ್ನು ಕರೆದುಕೊಂಡೇ ಬಂದರು.

ಶಶಿಪ್ರಭಾ ಕಣ್ಣು ನೋಡಿದಳು. "ಹಕೀಮಾಕ, ಮದ್ದು ಹೇಗೆ ಹಾಕಿದ್ದು? ಶುಕ್ರವಾರದಿಂದ ಹೇಳಿ."

"ಸರಿಯಾಗಿಯೇ ಹಾಕಿದ್ದೇನೆ."

"ಸರಿಯಾ ತಪ್ಪಾ ಅಂತ ಕೇಳ್ಲಿಲ್ಲ. ಹೇಗೆ ಅಂತ ಕೇಳಿದ್ದು."

ಹಕೀಮಾಕ ಹೇಳಿದರು. ಆರು, ಐದು, ನಾಲ್ಕು ಎಂದು ಬೆರಳು ಮಡಚುತ್ತ ಬುಧವಾರಕ್ಕೆ ಬಂದು ನಿಂತರು. ಶಶಿಪ್ರಭಾ ಚೀಟಿ ಇಸಿದುಕೊಂಡು ಓದಿದಳು.

"ಇದು ಆರು ದಿನದ ಮದ್ದಲ್ಲ ಹಕೀಮಾಕ. ಆರು ವಾರದ್ದು. ಮೊದಲ ವಾರ ಪೂರ್ತಿ ದಿನಕ್ಕೆ ಆರು ಸಲ. ಎರಡನೇ ವಾರ ದಿನಕ್ಕೆ ಐದು ಸಲ. ಹಾಗೆ ಇಳಿಸಿಕೊಂಡು ಹೋಗುದು. ಸಾಪ್ತಾಹಿಕ ಅಂದ್ರೆ ವಾರ."

"ವಾರ ಅಂತ ಬರೆದಿದ್ರೆ ಅವರ ಶಾಯಿ ಮುಗೀತಿತ್ತಾ?" ಎಂದರು ಖದೀಜಮ್ಮ. ಅವರಿಗೆ ಅಳುವೂ ಬಂದಿತ್ತು, ಸಿಟ್ಟೂ ಬಂದಿತ್ತು.

"ಏಳಿ, ಈಗಲೇ ಆಸ್ಪತ್ರೆಗೆ ಹೋಗುವ" ಎಂದು ಶಶಿಪ್ರಭಾ ರಿಕ್ಷಾ ಕರೆದಳು.

ಡಾಕ್ಟರು ಪರೀಕ್ಷೆ ಮಾಡಿದರು. ಮದ್ದು ಅರ್ಧಕ್ಕೆ ನಿಂತದ್ದರಿಂದ ಕಣ್ಣಿನ ಒಳಗೆ ಉರಿಯೂತ ಬಂದಿದೆ ಎಂದರು. "ಇವತ್ತು ಬಂದದ್ದು ಒಳ್ಳೆಯದಾಯಿತು. ಇನ್ನೂ ತಡ ಮಾಡಿದ್ದರೆ ಕಣ್ಣಿನ ಆಸೆ ಬಿಡಬೇಕಿತ್ತೇನೋ. ಮದ್ದು ಮೊದಲಿಂದ ಶುರು ಮಾಡಿ, ಆರು ವಾರ ತಪ್ಪಿಸಬೇಡಿ. ವಾರಕ್ಕೊಮ್ಮೆ ಬಂದು ತೋರಿಸಿ."

ಮನೆಗೆ ಬಂದು ಕುಳಿತ ಮೇಲೆ ಹಕೀಮಾಕ ಮೆಲ್ಲಗೆ ಹೇಳಿದರು: "ನಾನು ಕೇಳ್ಬೇಕಿತ್ತು ಶಶಿ. ನಾಚಿಕೆ ಆಯ್ತು."

"ನಿಮ್ಮದು ಅರ್ಧ ತಪ್ಪು. ಅರ್ಥ ಆಗದ ಹಾಗೆ ಬರೆದವರದ್ದೂ ಅರ್ಧ ಉಂಟು" ಎಂದಳು ಶಶಿಪ್ರಭಾ. "ನೀವು ಗಿರಾಕಿ ಬಾಯಿಂದ ಇನ್ನೊಮ್ಮೆ ಹೇಳಿಸ್ತೀರಿ. ಅಲ್ಲಿಯೂ ಯಾರಾದ್ರೂ ನಿಮ್ಮಿಂದ ಹೇಳಿಸಿದ್ರೆ ಆಗಲೇ ಗೊತ್ತಾಗ್ತಿತ್ತು. ಈಗ ಒಂದು ಹೇಳಿ, ಈ ಮದ್ದನ್ನು ನಿಮ್ಮ ಅಳತೆ ಪುಸ್ತಕದಲ್ಲಿ ಬರೀಬೇಕಾದ್ರೆ ಹೇಗೆ ಬರೀತಿದ್ರಿ?"

ಹಕೀಮಾಕ ಹೆಂಡತಿಗೆ ಬಿಳಿ ಬಟ್ಟೆಯ ಒಂದು ತುಂಡು ತರಲು ಹೇಳಿದರು. "ಖದೀಜಾ, ಮೇಲಿನ ಸಾಲಿಗೆ ಆರು ಬಟನ್ ಹಾಕು. ಅದರ ಕೆಳಗೆ ಐದು. ಮತ್ತೆ ನಾಲ್ಕು." ಅಂಗಡಿಯ ಬಟನ್ ಕೆಲಸವೆಲ್ಲ ಖದೀಜಮ್ಮನದೇ. ಹತ್ತೇ ನಿಮಿಷದಲ್ಲಿ ಆರು ಸಾಲು ಹೊಲಿದರು. ಒಂದು ಸಾಲು ಎಂದರೆ ಒಂದು ವಾರ, ಒಂದು ಬಟನ್ ಎಂದರೆ ದಿನದಲ್ಲಿ ಒಂದು ಸಲ. ಮೊದಲ ಸಾಲಿಗೆ ಒಂದು ಪಿನ್ನು ಚುಚ್ಚಿ ಗೋಡೆಗೆ ತೂಗುಹಾಕಿದರು. ವಾರ ತುಂಬಿದ ದಿನ ಪಿನ್ನು ಒಂದು ಸಾಲು ಕೆಳಗೆ ಇಳಿಯುತ್ತದೆ.

"ಇದು ನನಗೂ ಹೊಳೆದಿರ್ಲಿಲ್ಲ" ಎಂದಳು ಶಶಿಪ್ರಭಾ. "ಈಗ ನೀವು ನನಗೆ ಹೇಳಿ ನೋಡುವ."

ಹಕೀಮಾಕ ಆರು ವಾರವನ್ನೂ ಒಂದೇ ಒಂದು ತಪ್ಪಿಲ್ಲದೆ ಒಪ್ಪಿಸಿದರು.

ಮುಂದಿನ ಶನಿವಾರ ಕಣ್ಣಿನ ಕೆಂಪು ಬಹಳಷ್ಟು ಇಳಿದಿತ್ತು. ಆಸ್ಪತ್ರೆಗೆ ಹೋಗುವಾಗ ಬಟನಿನ ಬಟ್ಟೆಯನ್ನೂ ಒಯ್ದರು. ಸಿಸ್ಟರ್ ಅದನ್ನು ನೋಡಿ ನಕ್ಕರು, ಆಮೇಲೆ ಸ್ವಲ್ಪ ಬೇಸರವನ್ನೂ ಮಾಡಿಕೊಂಡರು. "ನಾವು ಎಲ್ಲರಿಗೂ ವಿವರಿಸಿಯೇ ಕಳಿಸ್ತೇವೆ. ಗೊತ್ತಾಯ್ತು ಅಂತ ಎಲ್ಲರೂ ಹೇಳ್ತಾರೆ."

"ನಾನೂ ಹೇಳಿದ್ದೆ ಸಿಸ್ಟರೇ" ಎಂದರು ಹಕೀಮಾಕ. ಈ ಸಲ ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ನನಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ. ಅಲ್ಲಿ ಬೆಂಚಿನಲ್ಲಿ ಕೂತವರ ಹತ್ರ ಒಮ್ಮೆ ಕೇಳಿ. ಗೊತ್ತಾಯ್ತಾ ಅಂತ ಕೇಳ್ಬೇಡಿ. ಮನೆಯಲ್ಲಿ ಮದ್ದು ಹೇಗೆ ಹಾಕ್ತೀರಿ ಅಂತ ಕೇಳಿ."

ಸಿಸ್ಟರಿಗೆ ಅದೂ ಒಂದು ನೋಡಿಯೇ ಬಿಡುವ ಅನಿಸಿತು. ಚೀಟಿ ಹಿಡಿದು ಹೊರಟಿದ್ದ ಮೂವರನ್ನು ಕೇಳಿದರು. ಒಬ್ಬರು ಸರಿ ಹೇಳಿದರು. ಒಬ್ಬರು ಹಕೀಮಾಕನ ಹಾಗೆ ಆರು ದಿನ ಎಂದರು. ಮೂರನೆಯವರು ಬಿ.ಎ. ಓದಿದವರು, ಒಂದೇ ಸಲಕ್ಕೆ ಆರು ಹನಿ ಎಂದರು. ಸಿಸ್ಟರ್ ಮೇಜಿನ ಮೇಲಿದ್ದ ಅಂಥ ಚೀಟಿಗಳ ಕಟ್ಟನ್ನು ಎತ್ತಿಕೊಂಡು ಡಾಕ್ಟರ ಕೋಣೆಗೆ ನಡೆದರು. ಓದಿದವರಿಗೂ ಅರ್ಥವಾಗದ ಚೀಟಿ ಯಾರಿಗಾಗಿ ಎಂದು ಒಳಗೆ ಮಾತಾಯಿತಂತೆ.

ಹಕೀಮಾಕನ ಪಿನ್ನು ಕೊನೆಯ ಸಾಲಿಗೆ ಇಳಿಯುವಾಗ ಆಸ್ಪತ್ರೆಯಲ್ಲಿ ಹೊಸ ಚೀಟಿ ಬಂದಿತ್ತು. ಆರು ಸಾಲು, ಸಾಲಿಗೆ ತಕ್ಕಷ್ಟು ಹನಿಯ ಚಿತ್ರ. ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ "ಮೊದಲ ವಾರ: ದಿನಕ್ಕೆ ಆರು ಸಲ, ಒಂದೊಂದೇ ಹನಿ." ಅಚ್ಚು ಹಾಕಿಸುವ ಮೊದಲು ಓದಲು ಬಾರದ ಹತ್ತು ಮಂದಿಗೆ ತೋರಿಸಿ, ಅವರು ತಪ್ಪಿದಲ್ಲೆಲ್ಲ ತಿದ್ದಿದ್ದರು. ಮೊದಲು ನೋಡಿದವರು ಯಾರೆಂದು ಬೇರೆ ಹೇಳಬೇಕೇ?

ಮೇ ತಿಂಗಳ ಕೊನೆಗೆ ಹಕೀಮಾಕ ಪುನಃ ಮಿಷನಿನ ಮುಂದೆ ಕುಳಿತರು. ಕನ್ನಡಕ ಹಾಕಿ, ಸೂಜಿ ಎತ್ತಿ, ನೂಲು ತಂದರು. ಒಂದೇ ಸಲಕ್ಕೆ ಒಳಗೆ ಹೋಯಿತು. ಖದೀಜಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಶಾಲೆ ಶುರುವಾದ ದಿನ ಆ ದಾರಿಯಲ್ಲಿ ಹೋದ ಅರ್ಧಕ್ಕರ್ಧ ಮಕ್ಕಳ ಯೂನಿಫಾರ್ಮ್ ಹಕೀಮಾಕನದ್ದೇ.

ಆ ವಾರ ಅವರ ಗೆಳೆಯ ಇದಿನಬ್ಬ ಕಣ್ಣಿನ ಆಪರೇಷನ್ ಮುಗಿಸಿ ಅಂಗಡಿಗೆ ಬಂದರು. ಅವರಿಗೂ ಅಕ್ಷರ ಬರುವುದಿಲ್ಲ. "ಆ ಸಿಸ್ಟರ್ ಬಿಡುದೇ ಇಲ್ಲ ಮಾರಾಯ. ನನ್ನ ಬಾಯಿಂದ ಪೂರ್ತಿ ಹೇಳಿಸಿಯೇ ಕಳಿಸಿದ್ದು."

"ಹೌದಾ? ಎಲ್ಲಿ, ನನಗೂ ಒಮ್ಮೆ ಹೇಳು" ಎಂದರು ಹಕೀಮಾಕ. ಇದಿನಬ್ಬ ಕಪ್ಪು ಕನ್ನಡಕದೊಳಗಿಂದಲೇ ಆರು ವಾರವನ್ನೂ ಗಡಗಡನೆ ಹೇಳಿದರು. ಹಕೀಮಾಕ ತಲೆ ಆಡಿಸಿದರು. ಈ ಸಲ ಅರ್ಥವಾಗಿಯೇ ಆಡಿಸಿದ್ದು.

ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ಅರ್ಥವಾಗದಿದ್ದರೆ "ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ" ಎನ್ನಿ. ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ. ಹೊರಡುವ ಮೊದಲು, ಮನೆಯಲ್ಲಿ ಏನು ಮಾಡಬೇಕೆಂದು ನಿಮ್ಮ ಬಾಯಲ್ಲೇ ಹೇಳಿ ತೋರಿಸಿ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಪಂಚಾಯತಿನಲ್ಲಿ ಚೀಟಿ ಬರೆಯುವವರೇ, ನಿಮಗೂ ಒಂದು ಮಾತು. ವಾರ ಎನ್ನುವಲ್ಲಿ ವಾರ ಎಂದೇ ಬರೆಯಿರಿ, ಚಿತ್ರ ಹಾಕಿ, ಬರೆದದ್ದನ್ನು ಓದಲು ಬಾರದವರಿಗೆ ಮೊದಲು ತೋರಿಸಿ. ನಿಮ್ಮ ಒಂದು ಸಾಲಿನ ಮೇಲೆ ಯಾರದೋ ಇರುವ ಒಂದೇ ಕಣ್ಣು ನಿಂತಿರಬಹುದು.