ಭಾನುವಾರದ ಹಾಳೆ

ಕರುಣಾ ಮಂಚದ ಕೆಳಗಿನ ಟ್ರಂಕನ್ನು ಎಳೆದು, ಒಳಗಿದ್ದದ್ದನ್ನೆಲ್ಲ ನೆಲಕ್ಕೆ ಸುರುವಿದಳು. ನಾಲ್ಕು ಸೀರೆ, ಒಂದು ಶಾಲು, ಬಿ.ಪಿ. ಗುಳಿಗೆಯ ಖಾಲಿ ಪಟ್ಟಿಗಳು. ಬೇಕಾದದ್ದು ಮಾತ್ರ ಇರಲಿಲ್ಲ.

"ಏನ ಹುಡಕಾಕತ್ತೀಯವಾ, ಅವ್ವನ್ನ ಹೊರಗ ಮಲಗಿಸಿ?" ಪಕ್ಕದ ಮನೆಯ ಜೈತೂನಬಿ ಬಾಗಿಲಲ್ಲಿ ನಿಂತು ಕೇಳಿದಳು. ನಿನ್ನೆ ಶುಭ ಶುಕ್ರವಾರದ ಆರಾಧನೆಗೆ ಹೊರಟ ಕರುಣಾಳ ತಾಯಿ ರಾಹೇಲಬಾಯಿ ಹೊಸ್ತಿಲಲ್ಲೇ ಕುಸಿದು ಜೀವ ಬಿಟ್ಟಾಗ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವಳು ಅವಳೇ.

"ಭಾನುವಾರದ ಹಾಳಿ, ಚಾಚಿ. ಎಲ್ಲೆರ ಮುಚ್ಚಿಟ್ಟಿರ್ತಾಳ."

ಬ್ಯಾಡಗಿಯ ಆ ಓಣಿಯಲ್ಲಿ ಆ ಹಾಳೆಗಳು ಯಾರಿಗೆ ಗೊತ್ತಿರಲಿಲ್ಲ, ಹೇಳಿ! ಮೂವತ್ತೊಂದು ವರ್ಷ ಚರ್ಚಿನ ಭಾನುವಾರದ ಶಾಲೆ ನಡೆಸಿದ ಹೆಣ್ಣುಮಗಳು. ಓದಲು ಬಾರದ ಕೂಸುಗಳಿಗೆ ಯೇಸುವಿನ ಮರಣವನ್ನು ಹೇಗೆ ಹೇಳುವುದು? ಬಣ್ಣ ಹಚ್ಚಿಸಿ ಹೇಳುವುದು. ಪ್ರತಿವರ್ಷ ತಾನೇ ಕೂತು ಚಿತ್ರ ಬರೆಯುತ್ತಿದ್ದಳು, ಹನುಮೇಶನ ಝೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸುತ್ತಿದ್ದಳು. ಶುಕ್ರವಾರಕ್ಕೆ ಶಿಲುಬೆ. ಶನಿವಾರಕ್ಕೆ ಯೇಸುವನ್ನಿಟ್ಟು ಕಲ್ಲು ಮುಚ್ಚಿದ ಗವಿ. ಈಸ್ಟರ್ ಭಾನುವಾರಕ್ಕೆ ಯೇಸು ಎದ್ದುಹೋದ, ಕಲ್ಲು ಸರಿದ ಗವಿ, ಹೂವು, ಹಕ್ಕಿ.

ಮೊದಲಿನ ಎರಡು ದಿನ ಬಣ್ಣದ ಡಬ್ಬಿಗೆ ದಾರ ಸುತ್ತಿಡುವಳು. ಮಕ್ಕಳಿಗೆ ಇದ್ದಿಲ ಚೂರು ಮಾತ್ರ. "ಟೀಚರ್, ಹಸರ ಕೊಡ್ರಿ" ಎಂದು ಅತ್ತು ಕರೆದರೂ ಅಷ್ಟೇ. "ಇವತ್ತ ಹಸರಿಲ್ಲ ಬಾಳಾ. ತಡಕೋಬೇಕು" ಅನ್ನುವಳು. ಭಾನುವಾರದ ಹಾಳೆಯನ್ನಂತೂ ಅಂದು ಬೆಳಗಾಗುವ ತನಕ ಹೆತ್ತ ಮಗಳಿಗೂ ತೋರಿಸಿದವಳಲ್ಲ.

ಹೊರಗೆ ಕೀರ್ತನೆ ಶುರುವಾಗಿತ್ತು. ಚರ್ಚಿನ ಪಾದ್ರಿ ಅಯ್ಯನವರು ಒಳಗೆ ಇಣುಕಿದರು. "ಕರುಣಾ, ನಾಲ್ಕಕ್ಕ ಎತ್ತಬೇಕವಾ. ಬಾ, ಅವ್ವನ ಹಂತೇಕ ಕುಂದ್ರು."

"ಒಂದ ಹತ್ತ ನಿಮಿಷರಿ ಅಯ್ಯನೋರ. ನಿಮ್ಮ ಕಾಲ ಬೀಳ್ತೇನಿ."

*

ಒಂದೂವರೆ ವರ್ಷದ ಹಿಂದೆ, ರಾಣೆಬೆನ್ನೂರಿನಲ್ಲಿ, ಕರುಣಾಳ ಮಗ ಪ್ರಸನ್ನ ಡೆಂಗ್ಯೂ ಜ್ವರದಲ್ಲಿ ಹೋದ. ಏಳು ವರ್ಷದ ಹುಡುಗ. ಅಜ್ಜಿಯ ತೊಡೆಯ ಮೇಲೆ ಕೂತು ಸೂರ್ಯನಿಗೆ ನೀಲಿ ಹಚ್ಚುತ್ತಿದ್ದವನು, "ಸೂರ್ಯಾಗ ಸೆಕಿ ಆಗೈತಿ, ಅದಕ್ಕ" ಎಂದು ನಗಿಸುತ್ತಿದ್ದವನು.

ರಾಹೇಲಬಾಯಿ ಮೊದಲ ಬಸ್ಸಿಗೆ ಬಂದಳು. ಅಳಲಿಲ್ಲ. ಚೀಲದಿಂದ ಮಡಚಿದ ಹಾಳೆಯೊಂದನ್ನು ತೆಗೆದು ಮೊಮ್ಮಗನ ಕೈಯೊಳಗೆ ಇಟ್ಟಳು. ಕಲ್ಲು ಸರಿದ ಗವಿ; ಮೇಲೆ ನೀಲಿ ಸೂರ್ಯ.

ಕರುಣಾ ಅದನ್ನು ಕಿತ್ತುಕೊಂಡು ನಾಲ್ಕು ತುಂಡು ಮಾಡಿದಳು. "ಬಣ್ಣ ಹಚ್ಚಿದ್ರ ಎದ್ದ ಬರ್ತಾನೇನಬೇ? ಬರ್ತಾನೇನ ಹೇಳು! ಮೂವತ್ತ ವರ್ಷ ಮಂದಿ ಮಕ್ಕಳಿಗೆ ಸುಳ್ಳ ಹೇಳಿದಿ. ನನ್ನ ಮಗಗ ಹೇಳಬ್ಯಾಡ. ಇನ್ನ ಯಾವ ಕೂಸಿಗೂ ಹೇಳಬ್ಯಾಡ."

ಮಂದಿಯೆಲ್ಲ ನೋಡುತ್ತಿದ್ದರು. ರಾಹೇಲಬಾಯಿ ಬಗ್ಗಿ ನಾಲ್ಕೂ ತುಂಡು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಮಣ್ಣಾದ ಮೇಲೆ ಬ್ಯಾಡಗಿ ಬಸ್ಸು ಹತ್ತಿದಳು. ಆಮೇಲೆ ಪ್ರತಿ ಭಾನುವಾರ ಫೋನು ಬರುತ್ತಿತ್ತು. ಕರುಣಾ ಕಟ್ ಮಾಡುತ್ತಿದ್ದಳು. ರಾಣೆಬೆನ್ನೂರಿನಿಂದ ಬ್ಯಾಡಗಿ ಎಷ್ಟು ದೂರ? ಮೋಟೆಬೆನ್ನೂರು ದಾಟಿದರೆ ಬಂದೇಬಿಟ್ಟಿತು. ಕರುಣಾ ಒಂದು ಸಲವೂ ಬರಲಿಲ್ಲ.

*

ಈಗ ಆ ಹಾಳೆ ಬೇಕಾಗಿತ್ತು. ಅವ್ವ ಈ ವರ್ಷವೂ ಅದನ್ನು ಬರೆದಿದ್ದರೆ, ಆ ದಿನದ ಮಾತು ಅವಳಿಗೆ ಅಷ್ಟು ತಾಗಿರಲಿಲ್ಲ ಎಂದರ್ಥ. ಅದನ್ನು ಅವ್ವನ ಕೈಯಲ್ಲಿಟ್ಟು ಕಳಿಸಬೇಕು. ಕ್ಷಮೆ ಕೇಳಲು ಕರುಣಾಳಿಗೆ ಬೇರೆ ದಾರಿ ಉಳಿದಿರಲಿಲ್ಲ.

ಅಂಗಳದಲ್ಲಿ ಹನುಮೇಶ ಹಾರ ಹಿಡಿದು ನಿಂತಿದ್ದ. ಕರುಣಾ ಓಡಿ ಹೋಗಿ ಅವನ ತೋಳು ಹಿಡಿದಳು.

"ಹನುಮೇಶಣ್ಣಾ, ಅವ್ವ ಭಾನುವಾರದ್ದು ಎಷ್ಟ ಝೆರಾಕ್ಸ್ ತಗಸ್ಯಾಳ? ಒಂದೆರ ನಿನ್ನ ಅಂಗಡ್ಯಾಗ ಉಳದೈತೇನ?"

ಹನುಮೇಶ ಹಾರದ ಕಡೆ ನೋಡಿದ. "ಶುಕ್ರವಾರದ್ದು ಐದು, ಶನಿವಾರದ್ದು ಐದು. ಗುರುವಾರನ ಮಕ್ಕಳಿಗೆ ಹಂಚ್ಯಾರ."

"ನಾ ಭಾನುವಾರದ್ದು ಕೇಳಿದೆ."

"ತಂದಿಲ್ಲವಾ. ಹೋದ ವರ್ಷನೂ ತರಲಿಲ್ಲ. ಯಾಕ್ರಿ ಟೀಚರ್ ಅಂತ ಕೇಳಿದ್ದೆ. 'ಕಲ್ಲಿನ ತನಕ ಬರತೈತೋ ತಮ್ಮಾ, ಮುಂದ ಕೈ ಹೋಗವಲ್ದು' ಅಂದ್ರು. ಈಸ್ಟರಿಗೆ ಮಕ್ಕಳಿಗೆ ಬರೇ ಬಿಸ್ಕೀಟ ಕೊಟ್ಟ ಕಳಿಸಿದ್ರಂತ."

ಕರುಣಾ ಅವನ ತೋಳು ಬಿಟ್ಟಳು. ತಿರುಗಿ ಒಳಗೆ ಬಂದಳು. ಒಂದು ಜಾಗ ಬಾಕಿಯಿತ್ತು. ಗೂಡಿನಲ್ಲಿ ದಾರ ಸುತ್ತಿದ ಬಣ್ಣದ ಡಬ್ಬಿ ಬೆಳಗಿನಿಂದ ಕಣ್ಣೆದುರಿಗೇ ಕೂತಿತ್ತು. ಮನೆಯೆಲ್ಲ ಕೆದರಿದವಳು ಅದೊಂದನ್ನು ಮುಟ್ಟಿರಲಿಲ್ಲ. ಇಂದು ಶನಿವಾರ ನೋಡಿ. ಮೂವತ್ತೇಳು ವರ್ಷದ ಹೆಂಗಸಿನ ಕೈಯೂ ಅದರತ್ತ ಹೋಗಿರಲಿಲ್ಲ.

ದಾರವನ್ನು ಹಲ್ಲಿನಿಂದ ಕಡಿದಳು.

ಬಣ್ಣದ ಕಡ್ಡಿಗಳ ಕೆಳಗೆ ಹಾಳೆಗಳಿದ್ದವು, ಎಂಟೋ ಒಂಬತ್ತೋ. ಎಲ್ಲದರಲ್ಲೂ ಗುಡ್ಡ, ಗಿಡ, ಕಲ್ಲು. ಗವಿಯ ಬಾಯಿ ಇರಬೇಕಾದಲ್ಲಿ ಬರೆದು ಅಳಿಸಿದ್ದು, ಮತ್ತೆ ಬರೆದು ಮತ್ತೆ ಅಳಿಸಿದ್ದು. ಕೊನೆಯ ಹಾಳೆಯಲ್ಲಿ ರಬ್ಬರಿನಿಂದ ತಿಕ್ಕಿ ತಿಕ್ಕಿ ಆ ಜಾಗ ತೂತೇ ಬಿದ್ದಿತ್ತು. ಎಲ್ಲಕ್ಕೂ ಅಡಿಯಲ್ಲಿ ನಾಲ್ಕು ತುಂಡು, ನೀಲಿ ಸೂರ್ಯನದು. ನೋಡಿ ಬರೆಯಲು ಇಟ್ಟುಕೊಂಡಿರಬೇಕು.

"ಅವ್ವಾ, ನಾನ ಮುರದೆನಲ್ಲಬೇ ನಿನ್ನ ಕೈ!" ಕರುಣಾ ಕೂಗಿದ್ದು ಅಂಗಳದ ಕೀರ್ತನೆಯನ್ನು ನಿಲ್ಲಿಸಿತು. ಜೈತೂನಬಿ ಬಂದು ತಬ್ಬಿಕೊಂಡಳು, "ಅಳು ಮಗಳ, ಅಳು" ಎಂದು ತಾನೂ ಅತ್ತಳು.

ಶವದ ಪೆಟ್ಟಿಗೆ ಮುಚ್ಚುವ ಮೊದಲು ಕರುಣಾ ಆ ತೂತು ಬಿದ್ದ ಹಾಳೆಯನ್ನೇ ತಾಯಿಯ ಬೆರಳುಗಳಡಿ ಇಟ್ಟಳು. ಮಕ್ಕಳು ಐದು ಜನ ಸಾಲಾಗಿ ನಿಂತಿದ್ದರು, ಕೈಯಲ್ಲಿ ಶನಿವಾರದ ಗವಿ, ಇದ್ದಿಲಿನಿಂದ ಕಪ್ಪಾಗಿದ್ದು. ಅವರಲ್ಲಿ ಸಣ್ಣವಳು, ಆರು ವರ್ಷದ ಎಸ್ತೇರಿ, ಕತ್ತು ಚಾಚಿ ನೋಡಿದಳು.

"ಅಕ್ಕಾ, ಇದು ನಾಳಿನ ಹಾಳಿ ಏನ್ರಿ? ನಮಗ ಯಾವಾಗ ಕೊಡ್ತೀರಿ?"

ಕರುಣಾ ಅವ್ವನ ಬೆರಳುಗಳನ್ನು ಹಾಳೆಯ ಮೇಲೆ ಒತ್ತಿದಳು. ಅಯ್ಯನವರು ಸನ್ನೆ ಮಾಡಿದರು, ಮುಚ್ಚಳ ಬಿತ್ತು, ಮೊಳೆಗಳ ಸದ್ದು ಶುರುವಾಯಿತು.

ಎಸ್ತೇರಿ ನಾಳಿನ ಹಾಳೆ ಹುಡುಕುತ್ತ ಒಳಗೆ ಹೋದಳು. ನೆಲದ ಮೇಲೆ ತೆರೆದು ಬಿದ್ದ ಡಬ್ಬಿ ಅವಳ ಕಣ್ಣಿಗೆ ಬಿತ್ತು.

"ಅಯ್ಯ! ಇದನ್ಯಾರ ಬಿಚ್ಚಿದ್ರಿ? ಇನ್ನೂ ಶನಿವಾರ ಐತಿ!"

ಕೆಂಪು, ಹಸಿರು, ಹಳದಿ ಕಡ್ಡಿಗಳನ್ನೆಲ್ಲ ಆರಿಸಿ ಒಳಗಿಟ್ಟು ಮುಚ್ಚಳ ಒತ್ತಿದಳು. ಹೊರಗೆ ಪೆಟ್ಟಿಗೆ ಎತ್ತಿದರು. ಅವಳು ನೆಲದಲ್ಲೇ ಕೂತು, ಹರಿದ ದಾರದ ತುದಿಗಳನ್ನು ಇದ್ದಿಲ ಬೆರಳಿನಿಂದ ಹಿಡಿದು, ಗಂಟಿನ ಮೇಲೆ ಗಂಟು ಹಾಕುತ್ತಿದ್ದಳು.