ತವರಲ್ಲಿ ಬಿಟ್ಟುಬಂದ ದುಪ್ಪಟಿ

ನಾಗವೇಣಿ ಮೂರನೆಯ ಸೀರೆಯನ್ನೂ ಮಡಿಸಿ ಬ್ಯಾಗಿಗೆ ವಾಪಸ್ಸು ಹಾಕಿದರು. ಫ್ಯೂನರಲ್ ಹೋಮಿನ ತಣ್ಣನೆಯ ಕೋಣೆಯಲ್ಲಿ ಸುಭದ್ರಾ ಕೆನ್ನೆಗೆ ಅರಿಸಿನ ಹಚ್ಚಿಸಿಕೊಂಡು ಮಲಗಿದ್ದಳು.

"ಇವೆಲ್ಲ ನೀವು ಕೊಡ್ಸಿದ್ದು ರಮಾಕಾಂತ್. ಮುತ್ತೈದೆಗೆ ಕೊನೇ ಬಟ್ಟೆ ತವರಿಂದ ಬರ್ಬೇಕು. ಒಂದೂ ಇಲ್ವಾ?"

"ಇಲ್ಲ ಆಂಟಿ," ಎಂದ ರಮಾಕಾಂತ್. ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ ಅವನ ಪಕ್ಕದ ಮನೆಯವರು ಆಕೆ. ಸಾವಿಗೂ ಸೀಮಂತಕ್ಕೂ ಶಾಸ್ತ್ರ ಹೇಳುವವರು.

ಮಗಳು ಅದಿತಿ ತಂದೆಯ ತೋಳು ಹಿಡಿದಳು. "ಅಪ್ಪಾ, ಡಸ್ ಇಟ್ ಮ್ಯಾಟರ್? ಅಮ್ಮ ವುಡ್ ಜಸ್ಟ್ ಲಾಫ್."

ನಗುತ್ತಿದ್ದಳು, ನಿಜ. ತವರಿನ ಮಾತು ಬಂದಾಗಲೆಲ್ಲ ನಕ್ಕೇ ಹಾರಿಸುತ್ತಿದ್ದಳು. ಅವಳು ಜಾತಿ ಬಿಟ್ಟು ಮದುವೆಯಾದ ದಿನ ಮೈಸೂರಿನಲ್ಲಿ ಅವಳಪ್ಪ ಹಾಕಿದ ಬಾಗಿಲು ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಈಗ ತೆರೆಯುವವರೂ ಯಾರೂ ಉಳಿದಿಲ್ಲ. ಆ ಮನೆಯಿಂದ ಇವಳನ್ನು ಕರೆದು ತಂದವನು ತಾನು, ಬರಿಮಡಿಲಲ್ಲಿ ಕಳಿಸುತ್ತಿರುವವನೂ ತಾನೇ ಎಂದುಕೊಂಡ ರಮಾಕಾಂತ್ ಬಾಗಿಲ ಕಡೆ ನೋಡಿದ.

"ಒಡೀಲ್ ಬಂದ್ಬಿಡ್ಲಿ ಆಂಟಿ. ಬೆಳಗ್ಗೇನೇ ಲ್ಯಾಂಡ್ ಆಗಿದಾಳೆ, ಏರ್‌ಪೋರ್ಟಲ್ಲಿ ಏನೋ ಲೇಟಾಗಿದೆ."

"ಆ ಫ್ರಾನ್ಸ್ ಹೆಂಗಸಾ? ಅವಳಿಗೂ ತವರಿಗೂ ಏನಪ್ಪಾ ಸಂಬಂಧ?"

*

ಬ್ರಿಸ್ಬೇನಿನದೇ ಸೇಂಟ್ ಲೂಸಿಯಾದ ಯೂನಿವರ್ಸಿಟಿ ಲ್ಯಾಬಿನಲ್ಲಿ ಒಡೀಲ್, ಸುಭದ್ರಾ ಅಕ್ಕಪಕ್ಕದ ಮೇಜಿನವರು. ರಿಟೈರಾದ ಮೇಲೆ ಒಡೀಲ್ ಫ್ರಾನ್ಸಿನ ಹಳ್ಳಿಗೆ, ತಾಯಿಯ ಕಲ್ಲಿನ ಮನೆಗೆ ಹಿಂದಿರುಗಿದಳು. 2014ರ ಅಕ್ಟೋಬರಿನಲ್ಲಿ ಗಂಡಹೆಂಡತಿ ಅಲ್ಲಿಗೆ ಹೋದಾಗ ಅಕ್ರೋಟಿನ ಸುಗ್ಗಿ. ಅವರೆಕಾಯಿ ಬಿಡಿಸುವವರ ಹಾಗೆ ಗೆಳತಿಯರು ಅಂಗಳದಲ್ಲಿ ಕೂತು ಹಸಿ ಸಿಪ್ಪೆ ಸುಲಿದರು, ಬಾಯಿ ನೋಯುವಷ್ಟು ಹರಟಿದರು. ಬೆರಳೆಲ್ಲ ಕಪ್ಪಾದವು, ಸೋಪಿಗೂ ನಿಂಬೆಹಣ್ಣಿಗೂ ಜಗ್ಗದ ಕಪ್ಪು.

ಹೊರಡುವ ದಿನ ಸುಭದ್ರಾ ಹೊಸಿಲಲ್ಲೇ ನಿಂತಳು. "ನಮ್ಮಲ್ಲಿ ತವರಿಂದ ಹೊರಡೋ ಮಗಳಿಗೆ ಮಡಿಲು ತುಂಬ್ತಾರೆ," ಎಂದು ಗೆಳತಿಗೆ ಇಂಗ್ಲಿಷಿನಲ್ಲಿ ಹೇಳಿದಳು, ತಮಾಷೆಗೆ.

ಒಡೀಲ್ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಅಕ್ರೋಟನ್ನು ಬೊಗಸೆಯಲ್ಲಿ ಮೊಗೆದು ಅವಳ ಸೆರಗಿಗೆ ಸುರಿದಳು. ಬೀರುವಿನಿಂದ ತನ್ನ ತಾಯಿ ಕಸೂತಿ ಹಾಕಿದ ಬಿಳಿ ದುಪ್ಪಟಿ ತಂದು ಮೇಲಿಟ್ಟಳು. ಸುಭದ್ರಾ ಗೊಳೋ ಎಂದು ಅತ್ತಳು. ಅತ್ತಾದ ಮೇಲೆ ದುಪ್ಪಟಿಯನ್ನು ಹಿಂದಕ್ಕೆ ಕೊಟ್ಟಳು.

"ಇದು ಇಲ್ಲೇ ಇರ್ಲಿ. ಮತ್ತೆ ಬರೋಕೆ ಒಂದು ನೆಪ ಬೇಕಲ್ಲ."

ಅಕ್ರೋಟು ರೈಲಿನಲ್ಲೇ ಖಾಲಿಯಾಯಿತು. ಬ್ರಿಸ್ಬೇನಿಗೆ ಬಂದದ್ದು ಕಪ್ಪು ಬೆರಳು ಮಾತ್ರ. ಗೋರಂಟಿ ಹಾಕಿಸಿಕೊಂಡ ಮದುಮಗಳಂತೆ ಅದನ್ನು ಎಲ್ಲರಿಗೂ ತೋರಿಸಿದಳು. ಮತ್ತೆ ಹೋಗಲಾಗಲಿಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಿರುವಾಗಲೇ ಕ್ಯಾನ್ಸರ್ ಬಂತು.

*

ಒಡೀಲ್ ಸುಕ್ಕುಗಟ್ಟಿದ ಕೋಟಿನಲ್ಲೇ ಒಳಗೆ ಬಂದಳು. ರಮಾಕಾಂತನ ಕೈ ಹಿಡಿದು ಇಂಗ್ಲಿಷಿನಲ್ಲಿ ತೊದಲಿದಳು: "ಅಕ್ರೋಟು ತಂದಿದ್ದೆ. ಹೊರದೇಶದ ಕಾಯಿಬೀಜ ಒಳಗೆ ಬಿಡಲ್ಲ ಅಂತ ಏರ್‌ಪೋರ್ಟಲ್ಲಿ ಎಲ್ಲ ಕಿತ್ತುಕೊಂಡರು. ಅವಳ ಮಡಿಲಿಗೆ ಅಂದೆ, ಕೇಳಲಿಲ್ಲ."

ಬ್ಯಾಗಿನಿಂದ ದುಪ್ಪಟಿ ತೆಗೆದು ಸುಭದ್ರಾಳ ಮೇಲೆ ಬಿಡಿಸಿದಳು. "ನೀನು ಬರಲೇ ಇಲ್ಲ," ಎಂದಳು ಅವಳ ಮುಖ ನೋಡಿ. "ಬರ್ತೀನಿ ಅಂದಿದ್ದೆ."

"ಬಿಳೀದು!" ನಾಗವೇಣಿ ಬೆಚ್ಚಿದರು. "ಮುತ್ತೈದೆಗೆ ಬಿಳೀದು ಹೊದಿಸ್ತಾರಾ?"

"ಅವಳ ತವರಿಂದ ಬಂದಿದೆ ಆಂಟಿ," ಎಂದ ರಮಾಕಾಂತನಿಗೆ ಅಳು ಒತ್ತರಿಸಿ ಬಂತು.

ನಾಗವೇಣಿ ಒಡೀಲ್‌ಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಬಟ್ಟಲಿನ ಅರಿಸಿನಕ್ಕೆ ಬೆರಳದ್ದಿ ದುಪ್ಪಟಿಯ ನಾಲ್ಕೂ ಮೂಲೆಗೆ ಹಚ್ಚಿದರು. ಅಕ್ಕಿಯ ತಟ್ಟೆಯನ್ನು ಅವಳ ಮುಂದೆ ಹಿಡಿದರು.

"ಅಕ್ರೋಟು ಇಲ್ದಿದ್ರೆ ಅಕ್ಕಿ ಇದೆ. ತುಂಬಮ್ಮಾ, ತವರಿನೋಳು ನೀನೇ ತಾನೆ."

ಅದಿತಿ ಅದನ್ನು ಇಂಗ್ಲಿಷಿನಲ್ಲಿ ಹೇಳಲು ಹೋದಳು. ಹೇಳುವ ಅಗತ್ಯ ಬೀಳಲಿಲ್ಲ. ಒಡೀಲ್ ಬೊಗಸೆ ತುಂಬ ಅಕ್ಕಿ ತೆಗೆದುಕೊಂಡು ಬಾಗಿದಳು. ಈ ವರ್ಷದ ಸುಗ್ಗಿಗೆ ಅವಳ ಬೆರಳುಗಳು ಉಗುರಿನವರೆಗೂ ಕಪ್ಪಾಗಿದ್ದವು. ಅಕ್ಕಿ ಸುರಿದ ಮೇಲೆ ಆ ಬೆರಳುಗಳು ಸುಭದ್ರಾಳ ಬೆರಳುಗಳನ್ನು ಹಿಡಿದುಕೊಂಡವು. ಸುಭದ್ರಾಳ ಬೆರಳುಗಳಲ್ಲಿ ಈಗ ಒಂದು ಕಲೆಯೂ ಇರಲಿಲ್ಲ.